ಜಿ. ಎನ್. ರಾಮಚಂದ್ರನ್

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ (8 ಅಕ್ಟೋಬರ್ 1922 – 7 ಏಪ್ರಿಲ್ 2001) ಭಾರತದ ಭೌತವಿಜ್ಞಾನಿ. ನಮ್ಮ ದೇಶದಲ್ಲಿ ಜೀವಭೌತವಿಜ್ಞಾನವೆಂಬ ಶಾಸ್ತ್ರಕ್ಕೆ ನೆಲೆ ಒದಗಿಸಿದವರಲ್ಲಿ ಇವರು ಅಗ್ರಗಣ್ಯರು. ಚರ್ಮ, ಮೂಳೆ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ಸುರುಳಿಯ ರಚನೆಯನ್ನು ಹೊಂದಿದೆ ಎಂಬುದನ್ನು ಇವರು ತಮ್ಮ ಸಹೋದ್ಯೋಗಿ ಗೋಪೀನಾಥ ಕರ್ತಾ ಅವರೊಂದಿಗೆ 1954ರಲ್ಲಿ ಪ್ರಕಟಿಸಿದರು. 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ರೂಪಿಸಿದ ನಕ್ಷೆಯು ಇಂದು ಜಗತ್ತಿನ ಎಲ್ಲ ಜೀವರಸಾಯನಶಾಸ್ತ್ರದ ಪಠ್ಯಗಳಲ್ಲಿ ರಾಮಚಂದ್ರನ್ ನಕ್ಷೆ ಎಂಬ ಹೆಸರಿನಿಂದಲೇ ಇದೆ. ಈ ಎರಡು ಕೆಲಸಗಳನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಹೇಳುವುದುಂಟು. ವಾಸ್ತವದಲ್ಲಿ ಎರಡನೆಯದು ಮೊದಲನೆಯದರ ಮೇಲೆ ಬಂದ ಆಕ್ಷೇಪಕ್ಕೆ ಉತ್ತರ ಹುಡುಕುತ್ತಾ ಹುಟ್ಟಿದ್ದು. ಇವರ ಸಂಶೋಧನಾ ಜೀವನ ಆರಂಭವಾದದ್ದೂ, ಅದರ ಉತ್ತರಾರ್ಧ ಕಳೆದದ್ದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಜನನ ಮತ್ತು ವಿದ್ಯಾಭ್ಯಾಸ

ರಾಮಚಂದ್ರನ್ ಅವರು ಹುಟ್ಟಿದ್ದು ಅಂದಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ. ತಂದೆ ಜಿ. ಆರ್. ನಾರಾಯಣ ಅಯ್ಯರ್, ತಾಯಿ ಲಕ್ಷ್ಮಿ ಅಮ್ಮಾಳ್. ಹೆಸರಿನ ಮೊದಲಲ್ಲಿರುವ ಗೋಪಾಲಸಮುದ್ರಂ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿರುವ ಮನೆತನದ ಮೂಲ ಊರು. ತಂದೆ ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಮಗನಿಗೆ ಗಣಿತದ ಮೊದಲ ಗುರುವೂ ಅವರೇ. ಮುಂದೆ ರಾಮಚಂದ್ರನ್ ಯಾವ ಪ್ರಶ್ನೆಯನ್ನು ಕೈಗೆತ್ತಿಕೊಂಡರೂ, ಅದು ವಜ್ರದ್ದಿರಲಿ ಪ್ರೋಟೀನಿನದಿರಲಿ, ಕೊನೆಗೆ ಅದನ್ನು ರೇಖಾಗಣಿತದ ಪ್ರಶ್ನೆಯನ್ನಾಗಿ ಮಾಡಿಕೊಳ್ಳುತ್ತಿದ್ದುದರ ಬೇರು ಮನೆಯ ಈ ಪಾಠದಲ್ಲಿದೆ ಎನ್ನಬಹುದು.

1939ರಲ್ಲಿ ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿಗೆ ಸೇರಿ ಭೌತವಿಜ್ಞಾನದಲ್ಲಿ ಬಿ.ಎಸ್ಸಿ. ಆನರ್ಸ್ ಓದಿದರು. 1942ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೇ ಮೊದಲ ಸ್ಥಾನದಲ್ಲಿ ಉತ್ತೀರ್ಣರಾದರು. ಮಗ ರೈಲ್ವೆ ಇಂಜಿನಿಯರಿಂಗ್ ಸೇವೆಗೆ ಸೇರಲಿ ಎಂಬ ಆಸೆ ತಂದೆಗಿತ್ತು. ಅದರ ಪರೀಕ್ಷೆ ಬರೆಯಲು ದೆಹಲಿಗೂ ಕಳುಹಿಸಿದರು. ಆ ಕೆಲಸದಲ್ಲಿ ಮನಸ್ಸಿಲ್ಲದ ಮಗ ಬೇಕೆಂದೇ ಪರೀಕ್ಷೆಯನ್ನು ಕೆಡಿಸಿಕೊಂಡರು ಎಂದು ಅವರ ಜೀವನವನ್ನು ಬಲ್ಲವರು ಹೇಳುತ್ತಾರೆ. ಎಲ್ಲ ತರಗತಿಗಳಲ್ಲೂ ಮೊದಲಿಗರಾಗಿದ್ದವರು ಅನುತ್ತೀರ್ಣರಾದದ್ದು ಬಹುಶಃ ಅದೊಂದೇ ಪರೀಕ್ಷೆಯಲ್ಲಿ.

ಬೆಂಗಳೂರು: ರಾಮನ್ ಅವರ ಶಿಷ್ಯತ್ವ

1942ರಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಬೆಂಗಳೂರಿನ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆ ಇದು. ಸೇರಿದ್ದು ಭೌತವಿಜ್ಞಾನ ವಿಭಾಗಕ್ಕಲ್ಲ, ವಿದ್ಯುತ್ ಇಂಜಿನಿಯರಿಂಗ್ ವಿಭಾಗಕ್ಕೆ. ಆಗ ಭೌತವಿಜ್ಞಾನ ವಿಭಾಗದಲ್ಲಿ ಸರ್ ಸಿ. ವಿ. ರಾಮನ್ ಇದ್ದರು. ಸ್ವಲ್ಪ ಕಾಲದಲ್ಲಿಯೇ ರಾಮಚಂದ್ರನ್ ಅವರ ಬಳಿಗೆ ಹೋಗಿ ವಿಭಾಗ ಬದಲಿಸುವ ಬಯಕೆ ತಿಳಿಸಿದರು. ಈ ಹುಡುಗ ವಿದ್ಯುತ್ ವಿಭಾಗಕ್ಕೆ ತಕ್ಕುದಕ್ಕಿಂತ ಹೆಚ್ಚು ಬುದ್ಧಿವಂತನಾದುದರಿಂದ ತಮ್ಮಲ್ಲಿಗೆ ಸೇರಿಸಿಕೊಳ್ಳುತ್ತಿರುವುದಾಗಿ ರಾಮನ್ ಅಲ್ಲಿನ ಮುಖ್ಯಸ್ಥರಿಗೆ ತಿಳಿಸಿದರೆಂಬ ಕಥೆ ಆ ಆವರಣದಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ರಾಮನ್ ಅವರ ಸ್ವಭಾವವನ್ನು ನೆನೆದರೆ ಕಥೆ ನಂಬುವಂತಹದೇ.

ಆ ದಿನಗಳಲ್ಲಿ ಸ್ನಾತಕೋತ್ತರ ಪದವಿಯನ್ನು ಪಾಠ ಕೇಳಿ ಪರೀಕ್ಷೆ ಬರೆಯದೆ, ಸಂಶೋಧನ ಪ್ರಬಂಧದ ಮೂಲಕವೇ ಪಡೆಯುವ ಅವಕಾಶವಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಲೇ ರಾಮಚಂದ್ರನ್ 1944ರಲ್ಲಿ ಮದ್ರಾಸು ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಪದವಿಯನ್ನೂ, 1947ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪದವಿಯನ್ನೂ ಪಡೆದರು. ರಾಮನ್ ಅವರಿಗೆ ಆಗ ವಜ್ರದ ಗೀಳು ಹಿಡಿದಿತ್ತು. ಶಿಷ್ಯರಲ್ಲಿ ಒಬ್ಬೊಬ್ಬರೂ ವಜ್ರದ ಒಂದೊಂದು ಗುಣವನ್ನು ಅಳೆಯುತ್ತಿದ್ದರು. ರಾಮಚಂದ್ರನ್ ಅವರ ಪಾಲಿಗೆ ಬಂದದ್ದರಲ್ಲಿ ಕ್ಷ-ಕಿರಣವೂ ಸೇರಿತ್ತು. ತೆಳುವಾದ ವಜ್ರದ ಹಲ್ಲೆಯಿಂದ ಚದುರಿ ಬಂದ ಕ್ಷ-ಕಿರಣವನ್ನು ಫಲಕದ ಮೇಲೆ ಬೀಳಿಸಿ, ಹರಳಿನ ಒಳಗಣ ಲೋಪಗಳು ಎಲ್ಲೆಲ್ಲಿ ಹೇಗೆ ಹರಡಿಕೊಂಡಿವೆ ಎಂಬುದರ ಚಿತ್ರವನ್ನು ಅವರು ತೆಗೆದರು. ಕ್ಷ-ಕಿರಣ ಸ್ಥಳಚಿತ್ರಣ ಎಂದು ಮುಂದೆ ಹೆಸರಾದ ವಿಧಾನದ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು. ಬೆಳಕಿನ ಚದುರುವಿಕೆ ಹಾಗೂ ಹರಳುಗಳ ದೃಗ್ಗುಣಗಳ ಬಗ್ಗೆಯೂ ಅವರು ಸಾಲುಸಾಲಾಗಿ ಪ್ರಬಂಧಗಳನ್ನು ಬರೆದರು. ಸಹಪಾಠಿ ಎಸ್. ರಾಮಶೇಷನ್ ಅವರೊಡನೆ ಬಹಳ ವರ್ಷಗಳ ನಂತರ, 1961ರಲ್ಲಿ, ಜರ್ಮನಿಯ ಪ್ರಸಿದ್ಧ ಭೌತವಿಜ್ಞಾನ ಕೈಪಿಡಿಗೆ ಹರಳುಗಳ ದೃಗ್ವಿಜ್ಞಾನವನ್ನು ಕುರಿತು ಬರೆದ ದೀರ್ಘ ಪ್ರಬಂಧಕ್ಕೆ ಬೀಜ ಬಿದ್ದದ್ದು ಈ ದಿನಗಳಲ್ಲಿಯೇ.

1945ರಲ್ಲಿ ರಾಜಲಕ್ಷ್ಮಿಯವರೊಂದಿಗೆ ವಿವಾಹವಾಯಿತು. ಮನೆಯಲ್ಲಿಯೂ ಗೆಳೆಯರಲ್ಲಿಯೂ ಅವರು ರಾಜಮ್ ಎಂದೇ ಪರಿಚಿತರು. ದಂಪತಿಗೆ ಮೂವರು ಮಕ್ಕಳು. ಅವರಲ್ಲಿ ರಮೇಶ್ ನಾರಾಯಣ್ ಖಭೌತವಿಜ್ಞಾನಿಯಾಗಿ ಹೆಸರು ಪಡೆದಿದ್ದಾರೆ.

ಕೇಂಬ್ರಿಜ್: ಎರಡನೆಯ ಡಾಕ್ಟರೇಟ್

ರಾಮನ್ ಸ್ವತಃ ವಿದೇಶಕ್ಕೆ ಹೋಗಿ ಓದಿದವರಲ್ಲ. ಅವರ ಶಿಷ್ಯ ಮಾತ್ರ ಡಿ.ಎಸ್ಸಿ. ಪದವಿ ಕೈಯಲ್ಲಿದ್ದರೂ 1947ರಲ್ಲಿ 1851ರ ವಸ್ತುಪ್ರದರ್ಶನ ನಿಧಿಯ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಮತ್ತೆ ಸಂಶೋಧನ ವಿದ್ಯಾರ್ಥಿಯಾಗಿ ಹೋದರು. ಆಗ ಅದರ ನಿರ್ದೇಶಕರಾಗಿದ್ದವರು ಸರ್ ಲಾರೆನ್ಸ್ ಬ್ರ್ಯಾಗ್. ರಾಮಚಂದ್ರನ್ ಅವರಿಗೆ ಮಾರ್ಗದರ್ಶಕರಾಗಿದ್ದವರು ಡಬ್ಲ್ಯು. ಎ. ವೂಸ್ಟರ್.

ಹರಳಿನ ಮೇಲೆ ಕ್ಷ-ಕಿರಣ ಬಿದ್ದಾಗ ಫಲಕದಲ್ಲಿ ಚೂಪಾದ ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆಗಳ ಸುತ್ತ ಮಸುಕಾದ ಪ್ರಭೆಯೂ ಇರುತ್ತದೆ. ಹರಳಿನ ಪರಮಾಣುಗಳು ಶಾಖದಿಂದ ನಿರಂತರ ಕಂಪಿಸುವುದೇ ಅದಕ್ಕೆ ಕಾರಣ. ಚುಕ್ಕೆಗಳನ್ನು ಅಳೆಯುವವರಿಗೆ ಈ ಪ್ರಭೆ ಒಂದು ತೊಡಕು. ರಾಮಚಂದ್ರನ್ ಆ ತೊಡಕನ್ನೇ ಅಳೆದು, ಅದರಿಂದ ಹರಳಿನ ಸ್ಥಿತಿಸ್ಥಾಪಕ ಗುಣಾಂಕಗಳನ್ನು ಲೆಕ್ಕ ಹಾಕುವ ಮಾರ್ಗ ಕಂಡುಕೊಂಡರು. 1949ರಲ್ಲಿ ಪಿಎಚ್.ಡಿ. ಪದವಿ ಬಂದಿತು. ವೂಸ್ಟರ್ ಅವರ ಜೊತೆಗೂಡಿ ಬರೆದ ಪ್ರಬಂಧಗಳು 1951ರಲ್ಲಿ ಪ್ರಕಟವಾದವು.

ಪದವಿಗಿಂತಲೂ ಅಲ್ಲಿನ ಇನ್ನೊಂದು ಪ್ರಸಂಗ ಮುಂದೆ ಮುಖ್ಯವಾಯಿತು. 1948ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಇಂಗ್ಲೆಂಡಿನಲ್ಲಿದ್ದು ಕೇಂಬ್ರಿಜ್‌ನಲ್ಲಿಯೂ ಉಪನ್ಯಾಸ ನೀಡಿದರು. ಅಣುಗಳ ರಚನೆಯನ್ನು ಮಾದರಿ ಕಟ್ಟಿ, ತರ್ಕಿಸಿ ಕಂಡುಹಿಡಿಯುವ ಪಾಲಿಂಗ್ ಅವರ ರೀತಿ ರಾಮಚಂದ್ರನ್ ಅವರ ಮನಸ್ಸಿನಲ್ಲಿ ನಾಟಿತು. ಅಲ್ಲಿಯವರೆಗೆ ಅವರ ಕೈಗೆ ಬಂದಿದ್ದ ವಸ್ತುಗಳೆಲ್ಲ ನಿರ್ಜೀವ ಹರಳುಗಳೇ.

1949ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸಹಾಯಕ ಪ್ರಾಧ್ಯಾಪಕರಾಗಿ ಹಿಂದಿರುಗಿದಾಗ ರಾಮನ್ ಅಲ್ಲಿಂದ ನಿವೃತ್ತರಾಗಿದ್ದರು. ವಿಭಾಗಕ್ಕೆ ಆರ್. ಎಸ್. ಕೃಷ್ಣನ್ ಮುಖ್ಯಸ್ಥರಾಗಿದ್ದರು. ರಾಮಚಂದ್ರನ್ ಅಲ್ಲಿ ಮೂರು ವರ್ಷ ಕ್ಷ-ಕಿರಣ ಸ್ಫಟಿಕವಿಜ್ಞಾನದ ಕೆಲಸ ನಡೆಸಿದರು.

ಮದ್ರಾಸು ಮತ್ತು ಕೊಲಾಜೆನ್

ಮದ್ರಾಸು ವಿಶ್ವವಿದ್ಯಾಲಯದ ಕುಲಪತಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರು ಭೌತವಿಜ್ಞಾನ ವಿಭಾಗವನ್ನು ಕಟ್ಟಲು ತಕ್ಕವರನ್ನು ಹುಡುಕುತ್ತಿದ್ದರು. ರಾಮನ್ ತಮ್ಮ ಶಿಷ್ಯನ ಹೆಸರು ಸೂಚಿಸಿದರು. 1952ರಲ್ಲಿ, ಮೂವತ್ತರ ಹೊಸ್ತಿಲಿನಲ್ಲಿದ್ದ ರಾಮಚಂದ್ರನ್ ಮದ್ರಾಸಿನಲ್ಲಿ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು.

ಅದೇ ಸುಮಾರಿಗೆ ಇಂಗ್ಲೆಂಡಿನ ಸ್ಫಟಿಕವಿಜ್ಞಾನಿ ಜೆ. ಡಿ. ಬರ್ನಾಲ್ ಮದ್ರಾಸಿಗೆ ಭೇಟಿ ಕೊಟ್ಟರು. ಜೀವಿಗಳ ದೊಡ್ಡ ಅಣುಗಳ ಬಗ್ಗೆ ಮಾತುಕತೆ ನಡೆದಾಗ, ಕೊಲಾಜೆನ್‌ಗೆ ಅಲ್ಲಿಯವರೆಗೆ ಸೂಚಿತವಾಗಿದ್ದ ರಚನೆಗಳಲ್ಲಿ ಯಾವುದೂ ತೃಪ್ತಿಕರವಾಗಿಲ್ಲವೆಂದು ಬರ್ನಾಲ್ ತಿಳಿಸಿದರು. ಸ್ವತಃ ಪಾಲಿಂಗ್, ತಮ್ಮ ಸಹೋದ್ಯೋಗಿ ಕೋರಿಯವರೊಂದಿಗೆ, 1951ರಲ್ಲಿ ಕೊಲಾಜೆನ್‌ಗೆ ಸೂಚಿಸಿದ್ದ ರಚನೆ ನಿಲ್ಲಲಿಲ್ಲ. ಸಸ್ತನಿಗಳ ದೇಹದ ಪ್ರೋಟೀನಿನಲ್ಲಿ ಸುಮಾರು ಕಾಲುಭಾಗ ಕೊಲಾಜೆನ್. ಚರ್ಮ ಹದಮಾಡುವವರಿಗೆ ಅದು ದಿನನಿತ್ಯದ ವಸ್ತು. ಮದ್ರಾಸಿನಲ್ಲಿಯೇ ಕೇಂದ್ರ ಚರ್ಮ ಸಂಶೋಧನಾಲಯವಿತ್ತು. ಕೊಲಾಜೆನ್‌ನ ಮಾದರಿಗಳು ಅಲ್ಲಿಂದ ದೊರೆತವು. ಅತ್ಯಂತ ಸ್ಪಷ್ಟವಾದ ಕ್ಷ-ಕಿರಣ ಚಿತ್ರಗಳನ್ನು ಕೊಟ್ಟದ್ದು ಕಾಂಗರೂ ಬಾಲದ ಸ್ನಾಯುರಜ್ಜು. ಅದನ್ನು ಆಸ್ಟ್ರೇಲಿಯದಿಂದ ತರಿಸಿಕೊಳ್ಳಬೇಕಾಯಿತು.

ಚಿತ್ರಗಳ ಜೊತೆಗೆ ರಾಸಾಯನಿಕ ವಿಶ್ಲೇಷಣೆಯ ಒಂದು ಅಂಶ ರಾಮಚಂದ್ರನ್ ಅವರ ಗಮನ ಸೆಳೆಯಿತು. ಕೊಲಾಜೆನ್ ಯಾವ ಪ್ರಾಣಿಯದಾದರೂ ಅದರ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗ್ಲೈಸೀನ್. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು ಅದು. ಸರಪಣಿಯಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸೀನ್ ಇದ್ದಿರಬೇಕು, ಹಾಗಿದ್ದರೆ ಅದಕ್ಕೆ ರಚನೆಯಲ್ಲಿಯೇ ಕಾರಣವಿರಬೇಕು ಎಂದು ಅವರು ತರ್ಕಿಸಿದರು. ಮೂರು ಸರಪಣಿಗಳು ಒಂದಕ್ಕೊಂದು ತೀರ ಒತ್ತಾಗಿ ನಿಂತರೆ ನಡುವಿನ ಜಾಗದಲ್ಲಿ ಗ್ಲೈಸೀನ್ ಬಿಟ್ಟು ಬೇರೆ ಯಾವುದಕ್ಕೂ ಎಡೆಯಿಲ್ಲ. ಹೀಗೆ ಮೂರು ಸುರುಳಿಗಳ ರಚನೆ ರೂಪುಗೊಂಡಿತು. 1954ರ ಆಗಸ್ಟ್ ತಿಂಗಳ ನೇಚರ್ ಪತ್ರಿಕೆಯಲ್ಲಿ ರಾಮಚಂದ್ರನ್ ಮತ್ತು ಕರ್ತಾ ಅವರ ಪುಟ್ಟ ಲೇಖನ ಪ್ರಕಟವಾಯಿತು.

ಮೊದಲ ರಚನೆಯಲ್ಲಿ ಮೂರು ಸುರುಳಿಗಳೂ ನೆಟ್ಟಗೆ, ಒಂದರ ಪಕ್ಕ ಒಂದು ನಿಂತಿದ್ದವು. ಸುರುಳಿಯ ಒಂದು ಸುತ್ತಿಗೆ ಸರಿಯಾಗಿ ಮೂರು ಅಮೈನೋ ಆಮ್ಲಗಳಿದ್ದವು. ಕ್ಷ-ಕಿರಣ ಚಿತ್ರಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಿದಾಗ ಈ ಲೆಕ್ಕ ಹೊಂದಲಿಲ್ಲ. ಮೂರಕ್ಕಿಂತ ತುಸು ಹೆಚ್ಚು, ಅಂದರೆ ಮೂರೂ ಮೂರನೆಯ ಒಂದರಷ್ಟು ಬೇಕಾಗಿತ್ತು. 1955ರಲ್ಲಿ ಅವರಿಬ್ಬರೂ ರಚನೆಯನ್ನು ತಿದ್ದಿದರು. ಒಂದೊಂದು ಎಳೆಯೂ ತಾನೇ ಸುರುಳಿ. ಅಂತಹ ಮೂರೆಳೆಗಳು ಹಗ್ಗದ ಹುರಿಯಂತೆ ಒಂದನ್ನೊಂದು ನಿಧಾನವಾಗಿ ಸುತ್ತಿಕೊಂಡಿವೆ ಎಂಬುದು ಈ ತಿದ್ದುಪಡಿ. ಕೊಲಾಜೆನ್ ಕುರಿತ ಇಂದಿನ ತಿಳಿವಳಿಕೆಗೆ ಇದೇ ತಳಹದಿ.

ಕೇಂಬ್ರಿಜ್‌ನಿಂದ ಬಂದ ಆಕ್ಷೇಪ

ತಿದ್ದಿದ ರಚನೆ ಪ್ರಕಟವಾದ ಕೆಲವೇ ವಾರಗಳಲ್ಲಿ, 1955ರ ನವೆಂಬರಿನಲ್ಲಿ, ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಅದೇ ಪತ್ರಿಕೆಯಲ್ಲಿ ತಮ್ಮ ರಚನೆಯನ್ನು ಮುಂದಿಟ್ಟರು. ಡಿ.ಎನ್.ಎ. ರಚನೆಯಿಂದ ಆಗಷ್ಟೇ ಜಗತ್ಪ್ರಸಿದ್ಧರಾಗಿದ್ದ ಕ್ರಿಕ್ ಅವರ ಮಾತಿಗೆ ಇದ್ದ ತೂಕ ಬೇರೆಯೇ. ಮೂರೆಳೆಯ ಹುರಿ ಎಂಬ ಮೂಲ ಕಲ್ಪನೆಯನ್ನು ಅವರು ಒಪ್ಪಿದರು. ಆಕ್ಷೇಪ ವಿವರದಲ್ಲಿತ್ತು. ಮದ್ರಾಸಿನ ರಚನೆಯಲ್ಲಿ ಪ್ರತಿ ಮೂರು ಅಮೈನೋ ಆಮ್ಲಗಳಿಗೆ ಎಳೆಗಳ ನಡುವೆ ಎರಡು ಜಲಜನಕ ಬಂಧಗಳಿದ್ದವು. ಹಾಗೆ ಇಡಬೇಕಾದರೆ ಕೆಲವು ಪರಮಾಣುಗಳು ಇರಬಹುದಾದುದಕ್ಕಿಂತ ತೀರ ಹತ್ತಿರ ಬರುತ್ತವೆ, ಆದುದರಿಂದ ಬಂಧ ಒಂದೇ ಇರಬೇಕು ಎಂಬುದು ಅವರ ವಾದ.

ಇದು ರಾಮಚಂದ್ರನ್ ಅವರನ್ನು ನೋಯಿಸಿತು. ಹೊರದೇಶದ ಪುಸ್ತಕಗಳು ಬಹಳ ಕಾಲ ಕೊಲಾಜೆನ್ ರಚನೆಯನ್ನು ಕೇಂಬ್ರಿಜ್‌ನ ಹೆಸರಿನೊಂದಿಗೇ ಹೆಚ್ಚಾಗಿ ಜೋಡಿಸಿದವು. ಮೊದಲು ಹೇಳಿದವರಿಗೆ ಸಲ್ಲಬೇಕಾದ ಪಾಲು ಪೂರ್ತಿ ಸಲ್ಲಲಿಲ್ಲ. ಆದರೆ ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ ಎಂಬುದನ್ನೂ ಹೇಳಬೇಕು. 1994ರಲ್ಲಿ ಕೊಲಾಜೆನ್‌ನಂತಹ ಕಿರುಸರಪಣಿಯೊಂದರ ಹರಳಿನ ರಚನೆಯನ್ನು ಅಮೆರಿಕದಲ್ಲಿ ನಿಖರವಾಗಿ ಬಿಡಿಸಿದಾಗ ಕಂಡದ್ದು ಎಳೆಗಳ ನಡುವೆ ಒಂದೇ ನೇರ ಜಲಜನಕ ಬಂಧ. ಅದೇ ಹರಳಿನಲ್ಲಿ ನೀರಿನ ಅಣುಗಳು ಎಳೆಗಳನ್ನು ಸೇತುವೆಯಂತೆ ಕಟ್ಟಿರುವುದೂ ಕಂಡಿತು. ನೀರಿನ ಮೂಲಕ ಇಂತಹ ಬೆಸುಗೆ ಸಾಧ್ಯವೆಂದು ರಾಮಚಂದ್ರನ್ ತಮ್ಮ ಸಹೋದ್ಯೋಗಿಯೊಬ್ಬರ ಜೊತೆ 1968ರಲ್ಲಿಯೇ ಬರೆದಿದ್ದರು.

ಆದರೆ 1955ರಲ್ಲಿ ಇವು ಯಾವುವೂ ತಿಳಿದಿರಲಿಲ್ಲ. ಉತ್ತರ ಕೊಡಬೇಕಾದ ರಾಮಚಂದ್ರನ್ ವಾದಕ್ಕೆ ವಾದ ಹೂಡುವ ಬದಲು, ಆಕ್ಷೇಪದ ಬುಡದಲ್ಲಿದ್ದ ಪ್ರಶ್ನೆಯನ್ನು ಹಿಡಿದುಕೊಂಡರು. ಪರಮಾಣುಗಳು ತೀರ ಹತ್ತಿರ ಬಂದಿವೆ ಎನ್ನುವುದಾದರೆ, ಎಷ್ಟು ಹತ್ತಿರ ಬಂದರೆ ತೀರ ಹತ್ತಿರ? ಅದಕ್ಕೆ ಆಗ ಒಪ್ಪಿತವಾದ ಅಳತೆಗೋಲು ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಅಂಕಿಯನ್ನು ಬಳಸುತ್ತಿದ್ದರು.

ರಾಮಚಂದ್ರನ್ ನಕ್ಷೆ

ಮದ್ರಾಸಿನ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ವಿ. ಶಶಿಶೇಖರನ್ ಮತ್ತು ಅವರ ನಂತರ ಬಂದ ಸಂಶೋಧನ ವಿದ್ಯಾರ್ಥಿ ಸಿ. ರಾಮಕೃಷ್ಣನ್ ಈ ಪ್ರಶ್ನೆಗೆ ತಮ್ಮ ಡಾಕ್ಟರೇಟ್ ವರ್ಷಗಳ ಶ್ರಮವನ್ನು ಕೊಟ್ಟರು. ಅಮೈನೋ ಆಮ್ಲಗಳು ಮತ್ತು ಕಿರುಸರಪಣಿಗಳ ಹರಳುಗಳ ರಚನೆಗಳು ಅಲ್ಲಿಯವರೆಗೆ ಎಲ್ಲೆಲ್ಲಿ ಪ್ರಕಟವಾಗಿದ್ದವೋ ಅವನ್ನೆಲ್ಲ ಕಲೆಹಾಕಲಾಯಿತು. ಇಂಗಾಲ, ಸಾರಜನಕ, ಆಮ್ಲಜನಕ ಮತ್ತು ಜಲಜನಕದ ಪರಮಾಣುಗಳು ಬಂಧವಿಲ್ಲದೆ ಒಂದಕ್ಕೊಂದು ಎಷ್ಟು ಸಮೀಪ ಬರುತ್ತವೆ ಎಂಬುದನ್ನು ಜೋಡಿ ಜೋಡಿಯಾಗಿ ಪಟ್ಟಿ ಮಾಡಲಾಯಿತು. ಜನ ಎಣಿಸಿದ್ದಕ್ಕಿಂತ ಪರಮಾಣುಗಳು ಹೆಚ್ಚು ಸಮೀಪ ಬರಬಲ್ಲವು ಎಂದು ತಿಳಿದುಬಂದಿತು. ಪ್ರತಿ ಜೋಡಿಗೂ ಎರಡು ಗಡಿಗಳನ್ನು ಗೊತ್ತುಪಡಿಸಿದರು. ಒಂದು ಸಾಮಾನ್ಯ ಗಡಿ, ಇನ್ನೊಂದು ಅದರಾಚೆ ಎಂದೂ ದಾಟಲಾಗದ ಕೊನೆಯ ಗಡಿ.

ಆಕ್ಷೇಪಕ್ಕೆ ಉತ್ತರ ಇಲ್ಲಿಗೇ ಸಿಕ್ಕಿತ್ತು. ರಾಮಚಂದ್ರನ್ ಅಷ್ಟಕ್ಕೆ ನಿಲ್ಲಿಸಲಿಲ್ಲ. ಈ ಗಡಿಗಳು ಕೊಲಾಜೆನ್‌ಗೆ ಮಾತ್ರವಲ್ಲ, ಪ್ರೋಟೀನು ಸರಪಣಿಗಳೆಲ್ಲಕ್ಕೂ ಅನ್ವಯಿಸಬೇಕಲ್ಲವೆ ಎಂಬ ಮುಂದಿನ ಹೆಜ್ಜೆಯನ್ನು ಇಟ್ಟರು.

ಪ್ರೋಟೀನಿನ ಸರಪಣಿಯನ್ನು ಗಟ್ಟಿ ರಟ್ಟಿನ ಚಪ್ಪಟೆ ತುಂಡುಗಳನ್ನು ಮೂಲೆಗೆ ಮೂಲೆ ಪೋಣಿಸಿದ ಸರದಂತೆ ಊಹಿಸಿಕೊಳ್ಳಬಹುದು. ತುಂಡುಗಳು ಬಾಗುವುದಿಲ್ಲ, ಇದು ಪಾಲಿಂಗ್ ಅವರಿಂದ ತಿಳಿದಿದ್ದ ವಿಷಯ. ಎರಡು ತುಂಡುಗಳು ಕೂಡುವ ಮೂಲೆಯಲ್ಲಿ ಒಂದು ಇಂಗಾಲದ ಪರಮಾಣು ಇದೆ. ಅದರ ಎಡಬಲದ ಎರಡು ಬಂಧಗಳ ಸುತ್ತ ಮಾತ್ರ ತುಂಡುಗಳು ತಿರುಗಬಲ್ಲವು. ಈ ಎರಡು ತಿರುವುಗಳ ಕೋನಗಳಿಗೆ ಗ್ರೀಕ್ ಅಕ್ಷರಗಳಾದ ಫೈ ಮತ್ತು ಸೈ ಎಂದು ಹೆಸರು. ಪ್ರತಿ ಮೂಲೆಯ ಫೈ ಮತ್ತು ಸೈ ಗೊತ್ತಾದರೆ ಸರಪಣಿ ಹೇಗೆ ಮಡಚಿಕೊಂಡಿದೆ ಎಂಬುದು ಗೊತ್ತಾದಂತೆ. ಸಾವಿರಾರು ಪರಮಾಣುಗಳ ಗೋಜಲನ್ನು ಮೂಲೆಗೆ ಎರಡೇ ಅಂಕಿಗಳಿಗೆ ಇಳಿಸಿದ್ದು ಈ ಕೆಲಸದ ಅತಿ ಸರಳವೂ ಅತಿ ಜಾಣ್ಮೆಯದೂ ಆದ ಭಾಗ.

ಮುಂದಿನದು ಬರೀ ಲೆಕ್ಕ, ಆದರೆ ಬೆನ್ನು ಮುರಿಯುವ ಲೆಕ್ಕ. ಒಂದು ಕೋನವನ್ನು ಅಡ್ಡಗೆರೆಯ ಮೇಲೂ ಇನ್ನೊಂದನ್ನು ನಿಲುವುಗೆರೆಯ ಮೇಲೂ ಗುರುತಿಸಿದರೆ ಒಂದು ಚೌಕ ಸಿಗುತ್ತದೆ. ಹತ್ತು ಡಿಗ್ರಿಗೊಂದರಂತೆ ಎಣಿಸಿದರೂ ಆ ಚೌಕದಲ್ಲಿ 1296 ಬಿಂದುಗಳಾಗುತ್ತವೆ. ಒಂದೊಂದು ಬಿಂದುವಿಗೂ ಅಕ್ಕಪಕ್ಕದ ತುಂಡುಗಳಲ್ಲಿನ ಪರಮಾಣುಗಳ ನಡುವಣ ದೂರಗಳನ್ನೆಲ್ಲ ಲೆಕ್ಕ ಹಾಕಿ, ಯಾವ ಜೋಡಿಯಾದರೂ ಗಡಿ ಮೀರಿದೆಯೇ ಎಂದು ನೋಡಬೇಕು. ಅವರ ಬಳಿ ಕಂಪ್ಯೂಟರ್ ಇರಲಿಲ್ಲ. ಮೇಜಿನ ಮೇಲಿಡುವ ಲೆಕ್ಕದ ಯಂತ್ರವೊಂದನ್ನು ನೆಚ್ಚಿಕೊಂಡು ರಾಮಕೃಷ್ಣನ್ ಈ ಕೆಲಸ ಮುಗಿಸಿದರು.

ಫಲಿತಾಂಶ ಕಣ್ಣಿಗೆ ಹೊಡೆಯುವಂತಿತ್ತು. ಚೌಕದ ಮುಕ್ಕಾಲು ಭಾಗಕ್ಕೂ ಹೆಚ್ಚು ಪ್ರದೇಶ ನಿಷಿದ್ಧವಾಯಿತು. ಅಲ್ಲಿ ಪರಮಾಣುಗಳು ಪರಸ್ಪರ ಡಿಕ್ಕಿ ಹೊಡೆಯುತ್ತವೆ. ಉಳಿದದ್ದು ದ್ವೀಪಗಳಂತಹ ಕೆಲವು ತುಣುಕುಗಳು. ಪಾಲಿಂಗ್ ಕಂಡುಹಿಡಿದಿದ್ದ ಆಲ್ಫಾ ಸುರುಳಿ ಒಂದು ದ್ವೀಪದಲ್ಲಿ ಬಿದ್ದಿತು. ಬೀಟಾ ಹಾಳೆ ಮತ್ತು ಕೊಲಾಜೆನ್‌ನ ಸುರುಳಿ ಇನ್ನೊಂದು ದೊಡ್ಡ ದ್ವೀಪದಲ್ಲಿ ಬಿದ್ದವು. ಎಡಕ್ಕೆ ತಿರುಗುವ ಸುರುಳಿಗೆ ದೊರೆತದ್ದು ಚಿಕ್ಕದೊಂದು ತುಣುಕು. ಪಾರ್ಶ್ವದಲ್ಲಿ ಜಲಜನಕವಷ್ಟೇ ಇರುವ ಗ್ಲೈಸೀನ್‌ಗೆ ಹೆಚ್ಚಿನ ಸ್ವಾತಂತ್ರ್ಯವಿದೆ. ತನ್ನನ್ನೇ ಬಳೆಯಂತೆ ಕಟ್ಟಿಕೊಂಡಿರುವ ಪ್ರೋಲೀನ್‌ಗೆ ಅದು ಬಹಳ ಕಡಿಮೆ. 1963ರಲ್ಲಿ ಅಣುಜೀವವಿಜ್ಞಾನದ ನಿಯತಕಾಲಿಕೆಯೊಂದರಲ್ಲಿ ಮೂವರ ಹೆಸರಿನಲ್ಲಿ ಇದು ಪ್ರಕಟವಾಯಿತು. ಲೇಖನ ಕೆಲವೇ ಪುಟಗಳದ್ದು.

ಆ ಹೊತ್ತಿಗೆ ಪರಮಾಣು ಮಟ್ಟದಲ್ಲಿ ರಚನೆ ತಿಳಿದಿದ್ದ ಪ್ರೋಟೀನುಗಳೇ ಬೆರಳೆಣಿಕೆಯವು. ನಂತರ ಒಂದೊಂದಾಗಿ ಬಿಡಿಸಿದ ಪ್ರೋಟೀನುಗಳ ಕೋನಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ಬಿಂದುಗಳು ಬಹುಮಟ್ಟಿಗೆ ಮದ್ರಾಸಿನವರು ಬಿಟ್ಟುಕೊಟ್ಟ ಜಾಗಗಳಲ್ಲಿಯೇ ಬಂದು ಕುಳಿತವು. ಇಂದು ಎರಡು ಲಕ್ಷಕ್ಕೂ ಹೆಚ್ಚು ರಚನೆಗಳು ಸಾರ್ವಜನಿಕ ಭಂಡಾರದಲ್ಲಿವೆ. ಹೊಸ ರಚನೆಯೊಂದನ್ನು ಪ್ರಕಟಿಸುವವರು ತಮ್ಮ ಲೆಕ್ಕದಲ್ಲಿ ತಪ್ಪಿದೆಯೇ ಎಂದು ಪರೀಕ್ಷಿಸಲು ಮೊದಲು ನೋಡುವುದು ಈ ನಕ್ಷೆಯನ್ನು. ನಿಷಿದ್ಧ ಪ್ರದೇಶದಲ್ಲಿ ಬಿಂದುಗಳು ಹೆಚ್ಚಾಗಿ ಕಂಡರೆ ರಚನೆಯನ್ನು ಸಂಶಯದಿಂದ ನೋಡಬೇಕಾಗುತ್ತದೆ. ನಕ್ಷೆಗೆ ಒಬ್ಬರ ಹೆಸರು ನಿಂತಿತು. ಲೆಕ್ಕದ ಭಾರ ಹೊತ್ತ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರ ಹೆಸರುಗಳು ವಿದ್ಯಾರ್ಥಿಗಳಿಗೆ ಅಷ್ಟಾಗಿ ತಿಳಿಯದೆ ಉಳಿದಿವೆ. ಕೊಲಾಜೆನ್‌ನಲ್ಲಿ ಜೊತೆಯಾಗಿದ್ದ ಗೋಪೀನಾಥ ಕರ್ತಾ ಅಮೆರಿಕಕ್ಕೆ ತೆರಳಿ, 1967ರಲ್ಲಿ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದ ರಚನೆಯನ್ನು ಬಿಡಿಸಿದ ತಂಡದಲ್ಲಿದ್ದರು.

ಮದ್ರಾಸಿನ ವಿಭಾಗ ಈ ವರ್ಷಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದಿಂದ ಜೀವಭೌತವಿಜ್ಞಾನದ ಉನ್ನತ ಅಧ್ಯಯನ ಕೇಂದ್ರವೆಂಬ ಮನ್ನಣೆ ಪಡೆಯಿತು. 1963 ಮತ್ತು 1967ರಲ್ಲಿ ಅಲ್ಲಿ ನಡೆದ ಅಂತರರಾಷ್ಟ್ರೀಯ ವಿಚಾರಗೋಷ್ಠಿಗಳಿಗೆ ಈ ಶಾಸ್ತ್ರದ ವಿದೇಶಿ ಪ್ರಮುಖರು ಬಂದರು.

ಮತ್ತೆ ಬೆಂಗಳೂರು

ಇಪ್ಪತ್ತೇಳು ವರ್ಷ ಕುಲಪತಿಯಾಗಿದ್ದ ಮೊದಲಿಯಾರ್ ಅವರು 1969ರಲ್ಲಿ ನಿವೃತ್ತರಾದರು. ಅವರ ಆಸರೆ ಇಲ್ಲದ ವಿಶ್ವವಿದ್ಯಾಲಯದಲ್ಲಿ ರಾಮಚಂದ್ರನ್ ಹೆಚ್ಚು ಕಾಲ ನಿಲ್ಲಲಿಲ್ಲ. 1970ರಲ್ಲಿ ಮದ್ರಾಸನ್ನು ಬಿಟ್ಟರು. ಆ ವೇಳೆಗೆ ಅವರಿಗೆ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದೊಡನೆಯೂ ಸಂಬಂಧವಿತ್ತು. ಅಲ್ಲಿಯೇ ನೆಲೆಸುವುದು ಕಷ್ಟವಾಗುತ್ತಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸತೀಶ್ ಧವನ್ ಅವರನ್ನು ಬೆಂಗಳೂರಿಗೆ ಕರೆದರು. 1971ರಲ್ಲಿ ಅಣು ಜೀವಭೌತವಿಜ್ಞಾನ ಘಟಕ ಆರಂಭವಾಯಿತು.

ಶಶಿಶೇಖರನ್ ಮತ್ತು ರಾಮಕೃಷ್ಣನ್ ಗುರುವಿನ ಹಿಂದೆಯೇ ಬೆಂಗಳೂರಿಗೆ ಬಂದರು. ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರ ಬಳಿ ಇನ್ಸುಲಿನ್ ರಚನೆಯ ಕೆಲಸ ಮಾಡಿದ್ದ ಎಂ. ವಿಜಯನ್ 1971ರಲ್ಲಿ ಸೇರಿದರು. ಸ್ವಲ್ಪ ಕಾಲದ ನಂತರ ಸೇರಿದ ಪಿ. ಬಲರಾಂ ಮುಂದೆ ಇಡೀ ಸಂಸ್ಥೆಯ ನಿರ್ದೇಶಕರಾದರು. ಪ್ರೋಟೀನು ರಚನೆಯಲ್ಲಿ ಡಾಕ್ಟರೇಟ್ ಮಾಡಬಯಸುವ ವಿದ್ಯಾರ್ಥಿ ಕೇಂಬ್ರಿಜ್‌ಗೆ ಹೋಗಲೇಬೇಕೆಂಬ ಸ್ಥಿತಿ ಈ ಘಟಕದಿಂದ ತಪ್ಪಿತು.

1971ರಲ್ಲಿಯೇ ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬೇರೊಂದು ಬಗೆಯ ಪ್ರಬಂಧ ಪ್ರಕಟಿಸಿದರು. ಒಂದು ವಸ್ತುವನ್ನು ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣ ನೆರಳುಗಳಿಂದ ಅದರ ಒಳರಚನೆಯನ್ನು ಮರಳಿ ಕಟ್ಟುವ ಲೆಕ್ಕದ ವಿಧಾನ ಅದು. ಅಲ್ಲಿಯವರೆಗಿನ ವಿಧಾನಗಳಿಗಿಂತ ಬಹಳ ಬೇಗ ಮುಗಿಯುವಂತಹದು. ಖಗೋಳ ರೇಡಿಯೋ ವೀಕ್ಷಣೆಯಲ್ಲಿ ಇದನ್ನು ಹೋಲುವ ಲೆಕ್ಕವನ್ನು ಬ್ರೇಸ್‌ವೆಲ್ ಮತ್ತು ಸಂಗಡಿಗರು ಕೆಲವು ವರ್ಷ ಮುಂಚೆಯೇ ಮಾಡಿದ್ದರಾದರೂ, ಎರಡೂ ಸ್ವತಂತ್ರವಾಗಿ ಹುಟ್ಟಿದವು. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಯಂತ್ರಗಳು ಬಹುಕಾಲ ಇದೇ ಬಗೆಯ ಲೆಕ್ಕವನ್ನು ಆಧರಿಸಿದವು. 1979ರಲ್ಲಿ ಸಿ.ಟಿ. ಸ್ಕ್ಯಾನ್‌ಗಾಗಿ ನೊಬೆಲ್ ಪ್ರಶಸ್ತಿ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ಸಂದಿತು.

ಗೌರವಗಳು ಮತ್ತು ಕೊನೆಯ ವರ್ಷಗಳು

ರಾಮಚಂದ್ರನ್ ಅವರಿಗೆ 1961ರಲ್ಲಿ ಭೌತವಿಜ್ಞಾನಕ್ಕಾಗಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಕೊಲಾಜೆನ್ ಲೇಖನ ಬಂದು ಆಗ ಇಪ್ಪತ್ತಮೂರು ವರ್ಷಗಳಾಗಿದ್ದವು.

1970ರ ದಶಕದ ಕೊನೆಯಲ್ಲಿ ಘಟಕದ ಹೊಣೆಯಿಂದ ಬಿಡುಗಡೆ ಹೊಂದಿದ ಮೇಲೆ ಅವರ ಆಸಕ್ತಿ ಪ್ರೋಟೀನಿನಿಂದ ತರ್ಕಶಾಸ್ತ್ರಕ್ಕೆ ತಿರುಗಿತು. ಜೈನ ದಾರ್ಶನಿಕರ ಸ್ಯಾದ್ವಾದವನ್ನು ಆಧುನಿಕ ಬೀಜಗಣಿತದ ಭಾಷೆಗೆ ತರುವ ಪ್ರಯತ್ನ ಮಾಡಿ, ಸ್ಯಾದ್ ನ್ಯಾಯ ಎಂಬ ಹೆಸರಿನಲ್ಲಿ 1980ರ ದಶಕದಲ್ಲಿ ಪ್ರಬಂಧಗಳನ್ನು ಬರೆದರು. ಹಳೆಯ ಸಹೋದ್ಯೋಗಿಗಳಲ್ಲಿ ಅವರ ಹಿಂದೆ ಈ ದಾರಿಯಲ್ಲಿ ನಡೆದವರು ಕಡಿಮೆ.

ಮುಪ್ಪಿನಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರನ್ನು ಕಾಡಿತು, ಪಾರ್ಶ್ವವಾಯುವೂ ಬಡಿಯಿತು. 1998ರಲ್ಲಿ ಪತ್ನಿ ರಾಜಮ್ ತೀರಿಕೊಂಡರು. ಮರುವರ್ಷ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟವು ತನ್ನ ಅತಿ ದೊಡ್ಡ ಪುರಸ್ಕಾರವಾದ ಎವಾಲ್ಡ್ ಪ್ರಶಸ್ತಿಯನ್ನು ಅವರಿಗೆ ನೀಡಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ ರಾಮಚಂದ್ರನ್ ನಿಧನರಾದರು.